ಓಣಿಯ ಹಿಂದೆ ವಿಕಿರಣ ಕಸ: ಯಾರನ್ನು ಕೇಳಬೇಕು, ಏನು ಕೇಳಬೇಕು?

ಹುಬ್ಬಳ್ಳಿಯ ನಮ್ಮ ಓಣಿಯ ಹಿಂದಿನ ಆಸ್ಪತ್ರೆಯವರು ಕಾಂಪೌಂಡಿನ ಮೂಲೆಯಲ್ಲಿ ತೊಟ್ಟಿ ಕಟ್ಟಲು ನೆಲ ಅಗೆದದ್ದೇ ತಡ, ಸುದ್ದಿ ಹಬ್ಬಿತು. ‘ಅಣು ಕಸ ಹೂಳಾಕತ್ತಾರ’ ಅಂತ ಒಬ್ಬರು. ‘ಇನ್ನ ಬೋರಿನ ನೀರು ಮುಟ್ಟಾಂಗಿಲ್ಲ’ ಅಂತ ಇನ್ನೊಬ್ಬರು. ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಸಭೆ ಸೇರಿತು. ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರಿಟೈರ್ ಆಗಿ ಮನೆಯಲ್ಲಿ ಕೂತವನು ನಾನೊಬ್ಬನೇ ಅಲ್ವಾ!

ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆ. ‘ಇದು ನಮಗ ಬರಂಗಿಲ್ರೀ ಸರ’ ಎಂದರು. ಇನ್ನೊಂದಕ್ಕೆ ಹೋದೆ. ಅಲ್ಲೂ ಅದೇ ಮಾತು. ಬಸ್ಸಿನಲ್ಲಿ ಬೈಯುತ್ತಾ ಮನೆಗೆ ಬಂದೆ. ಆಮೇಲೆ ನಿಯಮಗಳನ್ನು ತೆಗೆದು ಓದಿದಾಗ ನಾಚಿಕೆಯಾಯಿತು. ಅವರಿಬ್ಬರೂ ಹೇಳಿದ್ದು ಸರಿಯೇ ಇತ್ತು. ತಪ್ಪು ಬಾಗಿಲು ತಟ್ಟಿದವನು ನಾನು. ಹೀಗೆ ಎರಡು ವಾರ ಹಾಳಾಯಿತು. ನಿಮ್ಮದು ಹಾಳಾಗಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು: ಅದು ವಿಕಿರಣ ಕಸ ಹೌದೋ ಅಲ್ಲವೋ ನೋಡಿ

ಆಸ್ಪತ್ರೆಯ ಬಾಗಿಲ ಮೇಲೆ ‘ರೇಡಿಯೇಶನ್’ ಎಂದು ಬರೆದ ಕೂಡಲೇ ಒಳಗೆ ಕಸ ಹುಟ್ಟುತ್ತದೆ ಎಂದಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನ್, ಮ್ಯಾಮೊಗ್ರಫಿ ಯಂತ್ರಗಳು ಬಲ್ಬು ಇದ್ದ ಹಾಗೆ. ಕರೆಂಟ್ ಇದ್ದರೆ ಕಿರಣ, ಸ್ವಿಚ್ ಆರಿಸಿದರೆ ಏನೂ ಇಲ್ಲ. ಆ ಕೋಣೆಯ ಕಸ ಮಾಮೂಲಿ ಕಸವೇ. ಎಂಆರ್‌ಐ ಮತ್ತು ಸೋನೋಗ್ರಫಿಗೆ ಈ ಬಗೆಯ ವಿಕಿರಣದ ಸಂಬಂಧವೇ ಇಲ್ಲ. ಕ್ಯಾನ್ಸರ್ ಚಿಕಿತ್ಸೆಯ ಲಿನಾಕ್ ಯಂತ್ರವೂ ಕರೆಂಟಿನಿಂದಲೇ ಕಿರಣ ಹುಟ್ಟಿಸುತ್ತದೆ.

ಹಾಗಾದರೆ ವಿಕಿರಣ ಕಸ ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಎರಡು ಕಡೆಯಿಂದ. ಮೊದಲನೆಯದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ. ಅಲ್ಲಿ ವಿಕಿರಣ ಸೂಸುವ ಔಷಧವನ್ನು ರೋಗಿಗೆ ಚುಚ್ಚುತ್ತಾರೆ ಅಥವಾ ಕುಡಿಸುತ್ತಾರೆ. ಸಿರಿಂಜು, ಗ್ಲೌಸು, ಹತ್ತಿ, ಸೀಸೆ, ರೋಗಿಯ ಮೂತ್ರ, ಇವೆಲ್ಲ ಕೆಳಮಟ್ಟದ ವಿಕಿರಣ ಕಸ. ಎರಡನೆಯದು ಉಕ್ಕಿನ ಕೋಶದೊಳಗೆ ಮುಚ್ಚಿಟ್ಟ ಮೂಲಗಳು. ಹಳೆಯ ಕೋಬಾಲ್ಟ್ ಚಿಕಿತ್ಸಾ ಯಂತ್ರ, ಕಾರ್ಖಾನೆಯ ಅಳತೆ ಉಪಕರಣ, ಎರಕದೊಳಗಿನ ಬಿರುಕು ಹುಡುಕುವ ರೇಡಿಯೋಗ್ರಫಿ ಕ್ಯಾಮೆರಾ, ಇವುಗಳ ಒಳಗಿರುವ ಗುಂಡು. ಹುಬ್ಬಳ್ಳಿ ವಾಲ್ವ್ ತಯಾರಿಸುವ ಊರು. ಎರಕದ ಮಾಲು ಪರೀಕ್ಷಿಸುವುದು ಇಲ್ಲಿ ಹೊಸದಲ್ಲ.

ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಹೆದರಬೇಡಿ. ಅವುಗಳ ಸ್ವಭಾವವೇ ಬೇರೆ. ಯಾವ ಐಸೋಟೋಪ್, ಅಂದರೆ ವಿಕಿರಣ ಸೂಸುವ ಯಾವ ವಸ್ತು ಎಂದು ಕೇಳಿ. ಆಮೇಲೆ ಅದರ ಅರ್ಧಾಯು ಎಷ್ಟು ಎಂದು ಕೇಳಿ, ಅಂದರೆ ಅದರ ಚಟುವಟಿಕೆ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಪೆಟ್ ಸ್ಕ್ಯಾನಿನ ಫ್ಲೋರಿನ್-18ಕ್ಕೆ ಸುಮಾರು 110 ನಿಮಿಷ. ಎಲುಬು, ಹೃದಯದ ಸ್ಕ್ಯಾನಿಗೆ ಬಳಸುವ ಟೆಕ್ನೀಶಿಯಂ-99ಎಂಗೆ 6 ಗಂಟೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್-131ಕ್ಕೆ 8 ದಿನ. ರೇಡಿಯೋಗ್ರಫಿಯ ಇರಿಡಿಯಂ-192ಕ್ಕೆ 74 ದಿನ. ಕೋಬಾಲ್ಟ್-60ಕ್ಕೆ 5 ವರ್ಷ ಚಿಲ್ಲರೆ. ಸೀಸಿಯಂ-137ಕ್ಕೆ ಸುಮಾರು 30 ವರ್ಷ. ಈ ಒಂದು ಅಂಕಿ ಗೊತ್ತಾದರೆ ಕಟ್ಟೆಯ ಮೇಲಿನ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ತೊಟ್ಟಿಯ ಲೆಕ್ಕ

ನಮ್ಮ ಓಣಿಯ ಗಲಾಟೆಗೆ ಕಾರಣವಾದ ತೊಟ್ಟಿ ಅಯೋಡಿನ್ ವಾರ್ಡಿನದು. ಥೈರಾಯ್ಡ್ ಕ್ಯಾನ್ಸರ್ ರೋಗಿಗೆ ಅಯೋಡಿನ್-131 ಕುಡಿಸಿದ ಮೇಲೆ ಮೊದಲ ಎರಡು ದಿನದಲ್ಲೇ ಅದರ ಹೆಚ್ಚು ಪಾಲು ಮೂತ್ರದಲ್ಲಿ ಹೊರಗೆ ಬರುತ್ತದೆ. ಅದನ್ನು ನೇರವಾಗಿ ಗಟಾರಕ್ಕೆ ಬಿಡುವಂತಿಲ್ಲ. ಅದಕ್ಕೇ ಆ ವಾರ್ಡಿನ ಶೌಚಾಲಯದಿಂದ ಬೇರೆ ಪೈಪು, ಬೇರೆ ತೊಟ್ಟಿ. ಇಂಗ್ಲಿಷಿನವರು ಇದನ್ನು ಡಿಲೇ ಟ್ಯಾಂಕ್ ಎನ್ನುತ್ತಾರೆ. ಕಾಯಿಸುವ ತೊಟ್ಟಿ ಎನ್ನೋಣ. ಒಲೆಯ ಮೇಲೆ ಕಾಯಿಸುವುದಲ್ಲ, ಕಾಯುತ್ತಾ ಇಡುವುದು.

ಲೆಕ್ಕ ಸರಳ. ಇವತ್ತು 1000 ಪಾಲು ಇದೆ ಎಂದಿಟ್ಟುಕೊಳ್ಳಿ. 8 ದಿನಕ್ಕೆ 500. 16 ದಿನಕ್ಕೆ 250. 24 ದಿನಕ್ಕೆ 125. 40 ದಿನಕ್ಕೆ 31ರ ಆಸುಪಾಸು. 80 ದಿನಕ್ಕೆ ಬರೀ 1. ಸೊಸೈಟಿಯವರು 8 ದಿನಕ್ಕೊಮ್ಮೆ ನಿಮ್ಮ ಅರ್ಧ ಸಾಲ ಮನ್ನಾ ಮಾಡುತ್ತಾ ಹೋದ ಹಾಗೆ. ಹತ್ತು ಅರ್ಧಾಯು ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ ಎಂಬುದು ಈ ಕೆಲಸದವರ ಬಾಯಿಪಾಠ. ಒಂದು ತೊಟ್ಟಿ ತುಂಬಿದ ಮೇಲೆ ಅದರ ವಾಲ್ವ್ ಮುಚ್ಚಿ, ಎರಡನೆಯದಕ್ಕೆ ನೀರು ತಿರುಗಿಸುತ್ತಾರೆ. ಮೊದಲನೆಯದನ್ನು ಬಿಡುವ ಮೊದಲು ನೀರಿನ ಮಾದರಿ ತೆಗೆದು, ಮಿತಿಯೊಳಗೆ ಇದೆಯೇ ಎಂದು ಅಳೆಯುತ್ತಾರೆ.

ಅಂದ ಮೇಲೆ ತೊಟ್ಟಿ ಇರುವುದು ಸಮಾಧಾನದ ಸಂಗತಿ. ಅಯೋಡಿನ್ ವಾರ್ಡ್ ಇದ್ದು ತೊಟ್ಟಿ ಇಲ್ಲದಿದ್ದರೆ ಆಗ ಕಟ್ಟೆಯ ಮೇಲೆ ಸಭೆ ಸೇರಿಸಿ. ಇದನ್ನು ಓಣಿಯವರಿಗೆ ಹೇಳಿದಾಗ ಒಬ್ಬರು ಮಾತ್ರ ನಂಬಿದರು, ಅದೂ ಅರ್ಧ.

ಯಾರ ಕೈಯಲ್ಲಿದೆ ಇದು?

ಕಸ ಅಂದ ಕೂಡಲೇ ನಮಗೆ ಪಾಲಿಕೆ ನೆನಪಾಗುತ್ತದೆ. ಆಸ್ಪತ್ರೆ ಕಸ ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಆದರೆ ಘನತ್ಯಾಜ್ಯ ನಿಯಮಗಳು ಮತ್ತು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು, ಎರಡೂ ವಿಕಿರಣ ಕಸ ತಮಗೆ ಅನ್ವಯಿಸುವುದಿಲ್ಲ ಎಂದು ಶುರುವಿನಲ್ಲೇ ಹೇಳಿಬಿಟ್ಟಿವೆ. ನಾನು ಎರಡು ಕಚೇರಿಯಿಂದ ವಾಪಸ್ ಬಂದದ್ದು ಇದಕ್ಕೇ.

ಈ ವಿಷಯ ಕೇಂದ್ರ ಸರ್ಕಾರದ್ದು. 1962ರ ಪರಮಾಣು ಶಕ್ತಿ ಕಾಯ್ದೆಯ ಅಡಿಯಲ್ಲಿ 1987ರಲ್ಲಿ ವಿಕಿರಣ ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆಂದೇ ನಿಯಮ ಬಂತು. ಅನುಮತಿ ಪತ್ರ ಇಲ್ಲದೆ ಯಾರೂ ವಿಕಿರಣ ಕಸ ವಿಲೇವಾರಿ ಮಾಡುವಂತಿಲ್ಲ, ಮಾಡಿದ್ದಕ್ಕೆಲ್ಲ ದಾಖಲೆ ಇಡಬೇಕು ಎನ್ನುವುದು ಅದರ ತಿರುಳು. 2004ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು. ಮೇಲೆ ನಿಂತು ನೋಡಿಕೊಳ್ಳುವುದು ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರ ಬಾಯಲ್ಲಿ ಎಇಆರ್‌ಬಿ. ಹುಟ್ಟಿದ್ದು 1983ರ ನವೆಂಬರಿನಲ್ಲಿ. ದಕ್ಷಿಣದ ರಾಜ್ಯಗಳಿಗೆ ಚೆನ್ನೈಯಲ್ಲಿ ಅದರ ಪ್ರಾದೇಶಿಕ ಕೇಂದ್ರ ಇದೆ. ಆಸ್ಪತ್ರೆಗಳು ಲೈಸೆನ್ಸಿಗೆ ಅರ್ಜಿ ಹಾಕುವುದು ಅದರ ‘ಇ-ಲೋರಾ’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಕಟ್ಟಡದ ನಕ್ಷೆಗೂ ಮೊದಲೇ ಒಪ್ಪಿಗೆ ಬೇಕು.

ಜಿಲ್ಲಾಧಿಕಾರಿಯನ್ನು ಮಾತ್ರ ಪಟ್ಟಿಯಿಂದ ಬಿಡಬೇಡಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಲೈಸೆನ್ಸ್ ಕೊಡುವುದು ಅವರ ಕೆಲಸವಲ್ಲ. ಆದರೂ ಪತ್ರದ ಒಂದು ಪ್ರತಿ ಅವರಿಗೆ ಹೋದರೆ ಕಾಗದಕ್ಕೆ ತೂಕ ಬರುತ್ತದೆ.

ಆಸ್ಪತ್ರೆಗೇ ಹೋಗಿ ಕೇಳಿ

ಇದು ನನಗೆ ಕೊನೆಗೆ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು. ಹೋದಾಗ ರಿಸೆಪ್ಶನ್ನಿನಲ್ಲಿ ‘ಮ್ಯಾನೇಜರ್ ಇದ್ದಾರೇನ್ರೀ’ ಎನ್ನಬೇಡಿ. ‘ಆರ್‌ಎಸ್‌ಒ ಅವರನ್ನು ಕಾಣಬೇಕು’ ಎನ್ನಿ. ರೇಡಿಯೋಲಾಜಿಕಲ್ ಸೇಫ್ಟಿ ಆಫೀಸರ್, ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿ. ವಿಕಿರಣ ವಸ್ತು ಬಳಸುವ ಸಂಸ್ಥೆಗೆ ಎಇಆರ್‌ಬಿ ಒಪ್ಪಿದ ಇಂಥವರೊಬ್ಬರು ಇರಲೇಬೇಕು. ಆ ಹೆಸರು ಕೇಳಿ ಎದುರಿನವರು ಕಕ್ಕಾಬಿಕ್ಕಿಯಾದರೆ ಅದೂ ಒಂದು ಉತ್ತರವೇ.

ನಮಗೆ ಸಿಕ್ಕವರು ಗದಗ ಕಡೆಯ ಹುಡುಗಿ, ವಯಸ್ಸು ಮೂವತ್ತರ ಒಳಗೆ. ಎದೆಯ ಮೇಲೆ ಚಿಕ್ಕ ಬ್ಯಾಡ್ಜು. ಮೈಮೇಲೆ ಎಷ್ಟು ವಿಕಿರಣ ಬಿತ್ತು ಎಂದು ಲೆಕ್ಕ ಇಡುವುದು ಅದು. ನಾವು ಮೂವರು ಹಿರಿಯರು ಹೋಗಿದ್ದೆವು. ಬೈಯಲು ಬಂದಿದ್ದಾರೆ ಎಂದುಕೊಂಡಿದ್ದಳೋ ಏನೋ, ಮೊದಲು ಚಹಾ ತರಿಸಿದಳು. ಆಮೇಲೆ ಒಂದು ರಜಿಸ್ಟರ್ ತೆರೆದಳು.

ಸಾಲು ಹೊಡೆದ ಮಾಮೂಲಿ ಉದ್ದ ಪುಸ್ತಕ. ಚೀಲದ ನಂಬರ್, ಐಸೋಟೋಪಿನ ಹೆಸರು, ಚೀಲ ಕಟ್ಟಿದ ದಿನ, ಅವತ್ತಿನ ಮೀಟರ್ ರೀಡಿಂಗ್, ಬಿಡುವ ದಿನ, ಬಿಡುವಾಗಿನ ರೀಡಿಂಗ್, ಸಹಿ. ಟೆಕ್ನೀಶಿಯಂ ಚೀಲಗಳನ್ನು ಕೆಲವೇ ದಿನ ಇಟ್ಟಿದ್ದರು. ಅಯೋಡಿನ್ ಚೀಲಗಳು ಮೂಲೆಯ ಸೀಸದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದವು. ರೀಡಿಂಗ್ ಸುತ್ತಲಿನ ಸಹಜ ಮಟ್ಟಕ್ಕೆ ಇಳಿದ ಮೇಲೆ ಚೀಲದ ಮೇಲಿನ, ವಿಕಿರಣ ಇದೆ ಎಂದು ತೋರಿಸುವ ಮೂರೆಲೆ ಗುರುತಿನ ಚೀಟಿ ಕಿತ್ತು, ಆಮೇಲೆಯೇ ಮಾಮೂಲಿ ಆಸ್ಪತ್ರೆ ಕಸಕ್ಕೆ ಸೇರಿಸುತ್ತಾರೆ.

‘ಕಾಕಾ, ಈ ಚೀಟಿ ಕೀಳದ ಹೊರಗ ಕಳಿಸಿದ್ರ ಕಸದ ಗಾಡಿಯವ್ರು ಗಾಬರಿ ಆಗ್ತಾರ. ಇಳಿಯೂ ಮೊದಲ ಕಿತ್ತಿದ್ರ ನನ್ನ ನೌಕರಿ ಕೀಳ್ತಾರ,’ ಎಂದಳು.

ನೀವು ಕೇಳಬೇಕಾದದ್ದು ಇಷ್ಟು. ಲೈಸೆನ್ಸ್ ಯಾವ ತಾರೀಖಿನವರೆಗೆ ಇದೆ? ತೊಟ್ಟಿ ಎಷ್ಟು, ಒಂದೊಂದಕ್ಕೆ ಎಷ್ಟು ಲೀಟರ್ ಹಿಡಿಯುತ್ತದೆ, ತುಂಬಲು ಎಷ್ಟು ದಿನ ಬೇಕು? ಉಕ್ಕಿ ಹರಿಯುವ ಮೊದಲು ಎಚ್ಚರಿಸುವ ಅಲಾರಂ ಇದೆಯಾ? ಕಳೆದ ಬಾರಿ ಬಿಟ್ಟಾಗಿನ ಮಾದರಿ ರೀಡಿಂಗ್ ಎಷ್ಟು? ಮೀಟರನ್ನು ಕೊನೆಯ ಸಲ ತಾಳೆ ನೋಡಿಸಿದ್ದು ಯಾವಾಗ? ಇದರಲ್ಲಿ ಕೊನೆಯ ಪ್ರಶ್ನೆಯನ್ನು ಜನ ಮರೆಯುತ್ತಾರೆ. ತಕ್ಕಡಿಯೇ ತಪ್ಪಿದ್ದರೆ ತೂಕದ ಚೀಟಿಗೆ ಏನು ಬೆಲೆ?

ನಮ್ಮಲ್ಲೊಬ್ಬರು ಮೊಬೈಲಿನಲ್ಲಿ ‘ರೇಡಿಯೇಶನ್ ಆ್ಯಪ್’ ಹಾಕಿಕೊಂಡು ಬಂದಿದ್ದರು. ಅದು ಸುಮ್ನೆ ಆಟದ ಸಾಮಾನು, ನಂಬಬೇಡಿ. ನಿಜವಾದ ಮೀಟರ್ ಇದ್ದರೂ ಗ್ರಾನೈಟ್ ಕಟ್ಟೆಯ ಹತ್ತಿರ ಮುಳ್ಳು ಸ್ವಲ್ಪ ಮೇಲೇಳುತ್ತದೆ. ಕಲ್ಲಿನಲ್ಲಿ, ಮಣ್ಣಿನಲ್ಲಿ, ಬಾಳೆಹಣ್ಣಿನಲ್ಲಿ ಸಹಜ ವಿಕಿರಣ ಇದ್ದೇ ಇದೆ. ಜಗತ್ತಿನಲ್ಲಿ ಒಬ್ಬ ಮನುಷ್ಯನಿಗೆ ಹೀಗೆ ಸಿಗುವ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣದ ಅಳತೆ ಇದು). ಇದರ ಮೇಲೆ ಇಂಥ ಸಂಸ್ಥೆಗಳಿಂದಾಗಿ ಸಾರ್ವಜನಿಕರಿಗೆ ತಗಲಬಹುದಾದದ್ದಕ್ಕೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್.

ಬಾಯಿಮಾತು ಸಾಲದಿದ್ದರೆ ಕಾಗದ

ಎಲ್ಲ ಕಡೆಯೂ ಚಹಾ ಕೊಟ್ಟು ರಜಿಸ್ಟರ್ ತೋರಿಸುವವರು ಸಿಗುವುದಿಲ್ಲ. ಆಗ ಮಾಹಿತಿ ಹಕ್ಕು. ಖಾಸಗಿ ಆಸ್ಪತ್ರೆಗೆ ನೇರವಾಗಿ ಆರ್‌ಟಿಐ ಹಾಕಲು ಬರುವುದಿಲ್ಲ. ಆದರೆ ಆ ಆಸ್ಪತ್ರೆ ಬಗ್ಗೆ ಎಇಆರ್‌ಬಿ ಹತ್ತಿರ ಇರುವ ಕಾಗದಗಳನ್ನು ಎಇಆರ್‌ಬಿಯಿಂದ ಕೇಳಬಹುದು. ಶುಲ್ಕ 10 ರೂಪಾಯಿ. ಕೇಂದ್ರದ ಆರ್‌ಟಿಐ ಪೋರ್ಟಲಿನಲ್ಲಿ ಹಾಕಬಹುದು, ಪೋಸ್ಟಲ್ ಆರ್ಡರ್ ಜೊತೆ ಅಂಚೆಯಲ್ಲೂ ಕಳಿಸಬಹುದು. ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಬರೆಯಲು ಕಾಯ್ದೆಯಲ್ಲೇ ಅವಕಾಶ ಇದೆ, ಅಂದರೆ ಕನ್ನಡದಲ್ಲೇ ಬರೆಯಬಹುದು. ನಾನು ಮಾತ್ರ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಪಿನ್ ಮಾಡಿದೆ. ಹಕ್ಕು ಇದ್ದರೂ ಓದುವವರು ಮುಂಬೈಯಲ್ಲಿ ಕೂತಿರುತ್ತಾರೆ ನೋಡಿ.

ಅರ್ಜಿ ಸೋಲುವುದು ಪ್ರಶ್ನೆಯ ರೀತಿಯಿಂದ. ‘ಈ ತೊಟ್ಟಿ ಸುರಕ್ಷಿತವೇ?’ ಎಂದು ಕೇಳಿದರೆ ‘ಅಭಿಪ್ರಾಯ ಕೊಡಲಾಗದು’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮೊದಲ ಕರಡು ಹಾಗೇ ಇತ್ತು. ಗೆಳೆಯರೊಬ್ಬರು, ಧಾರವಾಡದ ವಕೀಲರು, ಕೆಂಪು ಪೆನ್ನಿನಲ್ಲಿ ಪೂರಾ ಗೀಚಿ ವಾಪಸ್ ಕೊಟ್ಟರು. ‘ಅಲ್ರೀ, ಕಾಗದ ಕೇಳ್ರಿ. ಅವರ ಮನಸ್ಸಿನ ಮಾತು ಕೇಳಬ್ಯಾಡ್ರಿ.’ ಆಮೇಲೆ ಬರೆದದ್ದು ಹೀಗಿತ್ತು:

‘ಹುಬ್ಬಳ್ಳಿಯ ಇಂಥ ವಿಳಾಸದ ಇಂಥ ಸಂಸ್ಥೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಸಂಬಂಧಿಸಿದಂತೆ: 1. ಈಗ ಜಾರಿಯಲ್ಲಿರುವ ಲೈಸೆನ್ಸಿನ ಪ್ರತಿ. 2. ವಿಕಿರಣ ತ್ಯಾಜ್ಯ ವಿಲೇವಾರಿಗೆ ಕೊಟ್ಟ ಅನುಮತಿ ಮತ್ತು ಅದರ ಷರತ್ತುಗಳ ಪ್ರತಿ. 3. ಕಳೆದ ಮೂರು ವರ್ಷಗಳಲ್ಲಿ ನಡೆದ ತಪಾಸಣೆಗಳ ದಿನಾಂಕ, ಮತ್ತು ತಪಾಸಣೆಯಲ್ಲಿ ಕಂಡ ಕೊರತೆಗಳ ಬಗ್ಗೆ ಕಳಿಸಿದ ಪತ್ರಗಳ ಪ್ರತಿ. 4. ಸಂಸ್ಥೆ ಸಲ್ಲಿಸಿದ ವಾರ್ಷಿಕ ಸುರಕ್ಷತಾ ವರದಿಯಲ್ಲಿ ತ್ಯಾಜ್ಯದ ಭಾಗ.’

30 ದಿನದೊಳಗೆ ಉತ್ತರ ಬರಬೇಕು. ‘ಭದ್ರತೆಯ ಕಾರಣ’, ‘ವ್ಯಾಪಾರ ಗುಟ್ಟು’ ಎಂದು ಸೆಕ್ಷನ್ 8 ತೋರಿಸಿ ಇಡೀ ಅರ್ಜಿಯನ್ನೇ ತಿರಸ್ಕರಿಸಬಹುದು. ಆಗ ಸೆಕ್ಷನ್ 10 ನೆನಪಿಸಿ. ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕು ಎನ್ನುತ್ತದೆ ಅದು. ಮೊದಲ ಮೇಲ್ಮನವಿಗೆ 30 ದಿನ, ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದಕ್ಕೆ 90 ದಿನ. ತಾರೀಖನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಡಿ.

ಇಷ್ಟೆಲ್ಲ ಯಾಕೆ, ಸರ್ಕಾರ ನೋಡಿಕೊಳ್ಳುವುದಿಲ್ಲವೇ ಎಂದು ಕೇಳುವವರಿಗೆ ಸರ್ಕಾರದ್ದೇ ಲೆಕ್ಕ ಹೇಳುತ್ತೇನೆ. 2012ರಲ್ಲಿ ಮಹಾಲೇಖಪಾಲರು, ಅಂದರೆ ಸಿಎಜಿ, ಎಇಆರ್‌ಬಿಯ ಕೆಲಸದ ಮೇಲೆ ವರದಿ ಕೊಟ್ಟರು. ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳ ಪೈಕಿ 91 ಶೇಕಡಾ ಆಗ ಲೈಸೆನ್ಸ್ ಇಲ್ಲದೆ ನಡೆಯುತ್ತಿದ್ದವು. ನಮ್ಮ ವಿಷಯಕ್ಕೆ ಹತ್ತಿರದ ಮಾತೂ ಅದರಲ್ಲಿತ್ತು. ವಿಲೇವಾರಿಗೆಂದು ಸಾಗಿಸಲು ಒಪ್ಪಿಗೆ ಪಡೆದ ವಿಕಿರಣ ಮೂಲಗಳು ನಿಜವಾಗಿಯೂ ವಿಲೇವಾರಿಯಾದವೇ ಎಂದು ಖಾತ್ರಿ ಮಾಡಿಕೊಳ್ಳುವ ಸರಿಯಾದ ಏರ್ಪಾಡು ಇರಲಿಲ್ಲ. ಆಮೇಲೆ ಇ-ಲೋರಾ ಬಂತು, ಪರಿಸ್ಥಿತಿ ಸುಧಾರಿಸಿತು ಎಂದೇ ನನ್ನ ಎಣಿಕೆ. ಆದರೂ ಕೇಳುವವರಿದ್ದರೆ ರಜಿಸ್ಟರ್ ಚೊಕ್ಕ ಇರುತ್ತದೆ.

ಮನೆಗೇ ರೋಗಿ ಬಂದರೆ

ಕುಡಿಸಿದ ಅಯೋಡಿನ್-131ರ ಪ್ರಮಾಣ 30 ಮಿಲಿಕ್ಯೂರಿಗಿಂತ (ವಿಕಿರಣ ವಸ್ತುವಿನ ಚಟುವಟಿಕೆಯ ಅಳತೆ) ಜಾಸ್ತಿ ಇದ್ದರೆ ನಮ್ಮ ದೇಶದಲ್ಲಿ ರೋಗಿಯನ್ನು ಪ್ರತ್ಯೇಕ ವಾರ್ಡಿನಲ್ಲಿ ಇಟ್ಟುಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಕೆಲವು ದಿನ ಹೆಚ್ಚು ನೀರು ಕುಡಿಯುವುದು, ಶೌಚಾಲಯಕ್ಕೆ ಎರಡು ಸಲ ನೀರು ಹಾಕುವುದು, ಟವೆಲ್ಲು, ತಟ್ಟೆ ಬೇರೆ ಇಡುವುದು, ಮಕ್ಕಳು ಮತ್ತು ಬಸುರಿಯರಿಂದ ದೂರ ಇರುವುದು. ಎಷ್ಟು ದಿನ ಎಂಬುದು ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ. ಹಾಸಿಗೆ ಹಿಡಿದವರ ಡೈಪರನ್ನು ಕೂಡಲೇ ಕಸದ ಗಾಡಿಗೆ ಕೊಡಬೇಡಿ. ಅದನ್ನು ಏನು ಮಾಡಬೇಕು ಎಂದು ಆರ್‌ಎಸ್‌ಒ ಅವರನ್ನೇ ಕೇಳಿ.

ಕೈಗಾಕ್ಕೆ ಒಯ್ದು ಹಾಕುತ್ತಾರಾ?

ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆ. ಇಲ್ಲ. ಕಾಳಿ ನದಿ ದಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಅಲ್ಲಿ ಹುಟ್ಟುವ ಕೆಳಮಟ್ಟದ ಘನ ಕಸಕ್ಕೆ ಆ ಆವರಣದೊಳಗೇ ಕಾಂಕ್ರೀಟಿನ ಕಂದಕಗಳಿವೆ. ಇಂಥ ಜಾಗಗಳನ್ನು ಸುಮಾರು 300 ವರ್ಷ ಕಾವಲಿನಲ್ಲಿ ಇಡಬೇಕು ಎಂಬ ಲೆಕ್ಕ. 300 ಯಾಕೆ? ಸೀಸಿಯಂ-137ರ ಅರ್ಧಾಯು 30 ವರ್ಷ, ಅದರ ಹತ್ತು ಪಟ್ಟು. ತೊಟ್ಟಿಯ 80 ದಿನದ ಲೆಕ್ಕವೇ ಇಲ್ಲೂ ಬಂತು ನೋಡಿ.

ಆಸ್ಪತ್ರೆ, ಕಾರ್ಖಾನೆ, ಕಾಲೇಜುಗಳ ಮುಚ್ಚಿದ ಮೂಲಗಳು ಬೇಡವಾದಾಗ ಮಾರಿದವರಿಗೇ ವಾಪಸ್ ಹೋಗಬೇಕು, ಇಲ್ಲವೇ ಟ್ರಾಂಬೆ, ಕಲ್ಪಾಕ್ಕಂನಂಥ ಅಧಿಕೃತ ಕೇಂದ್ರಕ್ಕೆ. ಹೊರದೇಶದಿಂದ ತರಿಸುವಾಗಲೇ, ಕೊನೆಗೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಒಪ್ಪಿಗೆಯನ್ನು ಮಾರುವವರಿಂದ ಪಡೆಯಬೇಕು.

ನಿಜವಾಗಿ ನಿದ್ದೆ ಕೆಡಿಸಬೇಕಾದದ್ದು

ಆ ವಾಪಸಾತಿ ತಪ್ಪಿದರೆ ಏನಾಗುತ್ತದೆ? ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರಯೋಗದ ವಸ್ತುಗಳಿಗೆ ವಿಕಿರಣ ಹಾಯಿಸುವ ಒಂದು ಗಾಮಾ ಸೆಲ್ ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಹಳೆ ಸಾಮಾನಿನ ಜೊತೆ ಅದನ್ನೂ ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಬಜಾರಿನಲ್ಲಿ ಸೀಸಕ್ಕಾಗಿ ಅದನ್ನು ಒಡೆದರು. ಒಳಗಿದ್ದದ್ದು ಕೋಬಾಲ್ಟ್-60. ಒಬ್ಬರಂತೂ ಹೊಳೆಯುವ ಚಿಕ್ಕ ತುಂಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಏಪ್ರಿಲ್ ಹೊತ್ತಿಗೆ ಚರ್ಮ ಕಪ್ಪಾಗಿ, ಕೂದಲು ಉದುರಿ, ಹಲವರು ಆಸ್ಪತ್ರೆ ಸೇರಿದರು. ಒಬ್ಬರು ಸತ್ತರು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳು ಬಿದ್ದ ಆಸ್ಪತ್ರೆಯಿಂದ ಕದ್ದ ಸೀಸಿಯಂ ಮೂಲ ಗುಜರಿಗೆ ಹೋಗಿ ನಾಲ್ವರು ಸತ್ತಿದ್ದರು.

ನಮ್ಮ ಧಾರವಾಡ ವಿಶ್ವವಿದ್ಯಾಲಯಗಳ ಊರು. ಹುಬ್ಬಳ್ಳಿ ಕಾರ್ಖಾನೆಗಳ ಊರು. ನಡುವೆ ಎಷ್ಟೊಂದು ಮೋಡಕಾ (ಗುಜರಿ) ಅಂಗಡಿಗಳು! ನೀವು ಕಾಲೇಜಿನಲ್ಲೋ ಫ್ಯಾಕ್ಟರಿಯಲ್ಲೋ ಕೆಲಸ ಮಾಡುತ್ತಿದ್ದು ಹಳೆ ಉಪಕರಣ ಹರಾಜು ಹಾಕುವ ಪಟ್ಟಿ ನಿಮ್ಮ ಮುಂದೆ ಬಂದರೆ, ಸಹಿ ಹಾಕುವ ಮೊದಲು ಗೋಡೌನಿಗೆ ಹೋಗಿ ನೋಡಿ. ಆಕಾರಕ್ಕೆ ಮೀರಿದ ಭಾರ, ಸೀಸದ ಕವಚ, ಹಳದಿ ಬಣ್ಣದ ಮೇಲೆ ಫ್ಯಾನಿನ ರೆಕ್ಕೆಯಂಥ ಮೂರೆಲೆ ಗುರುತು, ಇವುಗಳಲ್ಲಿ ಯಾವುದು ಕಂಡರೂ ಪಟ್ಟಿ ಅಲ್ಲೇ ನಿಲ್ಲಲಿ. 2007ರಿಂದ ಇನ್ನೊಂದು ಗುರುತೂ ಬಂದಿದೆ. ಕೆಂಪು ತ್ರಿಕೋನದೊಳಗೆ ಕಿರಣ, ತಲೆಬುರುಡೆ, ಓಡುತ್ತಿರುವ ಮನುಷ್ಯ. ಓದು ಬರದವರಿಗೂ ತಿಳಿಯಲಿ ಎಂದೇ ಮಾಡಿದ್ದು.

ಗುಜರಿಯಲ್ಲಿ ಅಂಥದ್ದು ಸಿಕ್ಕರೆ ಮುಟ್ಟಬೇಡಿ, ಒಡೆಯಬೇಡಿ, ಫೋಟೋಕ್ಕೆಂದು ಹತ್ತಿರ ಹೋಗಬೇಡಿ. ದೂರ ಸರಿಯಿರಿ, ಬೇರೆಯವರನ್ನೂ ಸರಿಸಿ, 112ಕ್ಕೆ ಫೋನ್ ಮಾಡಿ. ‘ವಿಕಿರಣ ಗುರುತಿನ ಸಾಮಾನು’ ಎಂದು ಸ್ಪಷ್ಟವಾಗಿ ಹೇಳಿ. ಜಿಲ್ಲಾಡಳಿತಕ್ಕೂ ಎಇಆರ್‌ಬಿಗೂ ತಿಳಿಸಿ. ಮೊದಲೇ ಮುಟ್ಟಿಬಿಟ್ಟಿದ್ದರೆ ಕೈ ತೊಳೆದು, ಬಟ್ಟೆ ಬದಲಿಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಿ. ಡಾಕ್ಟರಿಗೆ ಏನು ಮುಟ್ಟಿದಿರಿ ಎಂದು ಹೇಳಿ. ಮಾಯಾಪುರಿಯಲ್ಲಿ ಮೊದಲು ಅದು ಏನೆಂದೇ ಯಾರಿಗೂ ಗೊತ್ತಾಗಿರಲಿಲ್ಲ.

ಎರಡೂ ಗುರುತುಗಳನ್ನು ಕಲರ್ ಪ್ರಿಂಟ್ ತೆಗೆಸಿ ನಮ್ಮ ಓಣಿಯ ತುದಿಯ ಮೋಡಕಾ ಅಂಗಡಿಯವನಿಗೆ ಕೊಟ್ಟು ಬಂದೆ. ಅವನು ಅದನ್ನು ತಕ್ಕಡಿಯ ಹಿಂದೆ, ಲಕ್ಷ್ಮೀ ಫೋಟೋದ ಪಕ್ಕ ಅಂಟಿಸಿದ. ಸ್ವಲ್ಪ ಹೊತ್ತು ನೋಡುತ್ತಾ ನಿಂತ.

‘ಸರ, ಇಂಥಾದ್ದು ಬಂದ್ರ ನಿಮಗ ಫೋನ್ ಹಚ್ಚಲೇನ್ರೀ?’

‘ನನಗಲ್ಲೋ ಮಾರಾಯಾ, 112ಕ್ಕ.’

ಅವನು ಪ್ರಿಂಟಿನ ಕೆಳಗೆ ಮಾರ್ಕರಿನಲ್ಲಿ 112 ಎಂದು ಬರೆದ. ಅದರ ಕೆಳಗೆ ನನ್ನ ನಂಬರನ್ನೂ ಬರೆದುಕೊಂಡ.